ಹಣೆಗೇರಿದ ಮೇಣ

ಉಡುಗೊರೆಗಳಲ್ಲಿ ಎರಡು ಬಗೆ. ಕೊಟ್ಟವರೂ ಮರೆತು, ತೆಗೆದುಕೊಂಡವರೂ ಮರೆತು, ಅಟ್ಟದ ಮೇಲೆ ಸುಖವಾಗಿ ಕಾಲ ಕಳೆಯುವಂಥವು ಒಂದು ಬಗೆ. ದಿನವೂ ಕಣ್ಣೆದುರಿಗೇ ಕುಳಿತು, 'ನನ್ನನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದೀಯಾ?' ಎಂದು ವಿಚಾರಣೆ ನಡೆಸುವಂಥವು ಇನ್ನೊಂದು ಬಗೆ. ಹೆಂಡತಿಯ ತವರಿನಿಂದ ಬಂದದ್ದು ಒಂದು ಸೂಜಿಯೇ ಆದರೂ ಅದು ಎರಡನೆಯ ಬಗೆಗೇ ಸೇರುತ್ತದೆ. ಮದುವೆಯಾದ ಗಂಡಸರೆಲ್ಲ ಇಲ್ಲಿ ತಲೆಯಾಡಿಸುತ್ತೀರಿ ಎಂದು ನನಗೆ ಗೊತ್ತು. ಆದರೆ ಮೊದಲು ಅಕ್ಕಪಕ್ಕ ನೋಡಿಕೊಂಡು ಆಡಿಸಿ.

ನನ್ನ ಹೆಂಡತಿ ಜಯಳ ಅಣ್ಣ ರಂಗನಾಥ ಹಡಗಿನಲ್ಲಿ ಎಂಜಿನಿಯರು. ಸಂಸಾರ ಬೆಂಗಳೂರಿನಲ್ಲಿ, ಹಡಗು ಮುಂಬಯಿಯಲ್ಲಿ. ಹೀಗಾಗಿ ಹೋಗುವಾಗಲೂ ಬರುವಾಗಲೂ ಘಾಟ್ಕೋಪರಿನ ನಮ್ಮ ಮನೆಗೆ ಬಂದು ಒಂದು ಊಟ ಮಾಡಿ, ಹಡಗಿನಿಂದ ಬಂದಾಗ ಒಂದು ಫಾರಿನ್ ವಸ್ತು ಕೊಟ್ಟು ಹೋಗುವುದು ಅವನ ಪದ್ಧತಿ. ಒಮ್ಮೆ ಬ್ರೆಡ್ಡು ಕತ್ತರಿಸುವ ಕರೆಂಟಿನ ಚಾಕು ತಂದ. ನಮ್ಮ ಮನೆಯಲ್ಲಿ ಬ್ರೆಡ್ಡು ಬರುವುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಇನ್ನೊಮ್ಮೆ ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಛತ್ರಿ ತಂದ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ, ಕುರ್ಲಾ ದಾಟಿದ ಮೇಲೆ, ನನ್ನ ಕಂಕುಳಲ್ಲಿದ್ದ ಅದರ ಗುಂಡಿಯನ್ನು ಯಾರದೋ ಮೊಣಕೈ ಒತ್ತಿತು. ಆಮೇಲೆ ಆ ಡಬ್ಬಿಯಲ್ಲಿ ನಡೆದದ್ದನ್ನು ನಾನು ವಿವರಿಸುವುದಿಲ್ಲ. ಆ ದಿನದಿಂದ ನಾನು ಮುಂದಿನ ಡಬ್ಬಿಗೆ ಹತ್ತುತ್ತೇನೆ, ಅಷ್ಟೇ.

ಇಂಥ ರಂಗನಾಥ ಒಂದು ಸಲ ಬೆಂಗಳೂರಿನಿಂದ ಹಡಗು ಹತ್ತಲು ಬಂದಾಗ ಒಂದು ಪಿಂಗಾಣಿಯ ವಸ್ತು ತಂದುಕೊಟ್ಟ. ಕೆಳಗೆ ಪುಟ್ಟ ಗೂಡು, ಮೇಲೆ ಪುಟ್ಟ ಬಟ್ಟಲು. ಗೂಡಿನಲ್ಲಿ ಒಂದು ಗಿಡ್ಡ ಮೇಣದ ದೀಪ ಹಚ್ಚಿಟ್ಟರೆ ಬಟ್ಟಲಿನಲ್ಲಿರುವ ಸುವಾಸನೆಯ ಮೇಣ ಕರಗಿ ಮನೆಯೆಲ್ಲ ಘಮಘಮಿಸುತ್ತದೆಯಂತೆ. ಜೊತೆಗೆ ಕಾಗದದಲ್ಲಿ ಸುತ್ತಿದ ಹೊಸ ಮೇಣದ ಬಿಲ್ಲೆಗಳೂ ಇದ್ದವು. ಬಟ್ಟಲನ್ನು ನೋಡಿದರೆ ಅದರಲ್ಲಿ ಆಗಲೇ ಅಂಚಿನವರೆಗೆ ಹಳದಿ ಮೇಣ ತುಂಬಿತ್ತು. "ನೋಡಿದ್ರಾ, ಫಾರಿನ್ನೋರು ಎಷ್ಟು ಅಚ್ಚುಕಟ್ಟು! ತುಂಬಿಸಿಯೇ ಕೊಡ್ತಾರೆ" ಎಂದಳು ಜಯ. ನಾನೂ ಮೆಚ್ಚಿಕೊಂಡೆ. ಅಮ್ಮ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನೋ ಇದು, ಗೊಂಬೆ ಕೂರಿಸೋವಾಗ ಇಡೋ ಒಲೆ ಇದ್ದ ಹಾಗಿದೆ! ಮೈಸೂರೋರ ಮನೆಗೆ ವಾಸನೆ ಹಡಗಿನಲ್ಲಿ ಬರಬೇಕಾ? ಊದುಬತ್ತಿಗೇನು ಬಂದಿತ್ತು ರೋಗ?" ಎಂದಳು. ಅಪ್ಪ ಪೇಪರಿನ ಹಿಂದಿನಿಂದ ಹೂಂಗುಟ್ಟಿದರು. ಅವರು ಯಾರಿಗೆ ಹೂಂಗುಟ್ಟಿದರೆಂದು ಇವತ್ತಿಗೂ ಗೊತ್ತಿಲ್ಲ.

ಜಯ ಅದನ್ನು ಶೋಕೇಸಿನ ಮೇಲೆ ಪ್ರತಿಷ್ಠಾಪಿಸಿ ದೀಪ ಹಚ್ಚಿದಳು. ವಾಸನೆ ಬಂತು. ಆದರೆ ಸ್ವಲ್ಪ ಮೆಲ್ಲಗೆ, ಸಂಕೋಚದಿಂದ ಬಂತು. ಫಾರಿನ್ ವಾಸನೆ ಹೀಗೇ ಸಭ್ಯವಾಗಿರುತ್ತದೆ, ನಮ್ಮ ಊದುಬತ್ತಿಯ ಹಾಗೆ ಮೈಮೇಲೆ ಬೀಳುವುದಿಲ್ಲ ಎಂದು ನಾವೇ ವಿವರಣೆ ಕೊಟ್ಟುಕೊಂಡೆವು. ಕೆಲವೇ ದಿನಗಳಲ್ಲಿ ಆ ಸಂಕೋಚದ ವಾಸನೆಯೂ ನಿಂತಿತು. ಆಗ ನನಗೆ ಗೊತ್ತಾದದ್ದೇನೆಂದರೆ, ಈ ಯಂತ್ರದಲ್ಲಿ ಖರ್ಚಾಗುವುದು ವಾಸನೆ ಮಾತ್ರ, ಮೇಣ ಖರ್ಚಾಗುವುದೇ ಇಲ್ಲ. ಅದು ಎಷ್ಟಿತ್ತೋ ಅಷ್ಟೇ ಇರುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬ ಮೇಲಧಿಕಾರಿ ಇದ್ದರು. ಅವರ ಅಧಿಕಾರವೆಲ್ಲ ಕಿತ್ತುಕೊಂಡಿದ್ದರೂ ಕುರ್ಚಿ ಮಾತ್ರ ಬಿಟ್ಟಿರಲಿಲ್ಲ. ದಿನಾ ಬಂದು ಕೂರುತ್ತಿದ್ದರು, ಅವರು ಏಳದೆ ಹೊಸಬರಿಗೆ ಜಾಗವಿಲ್ಲ. ಈ ಮೇಣದ್ದೂ ಅದೇ ಜಾತಿ. ಹಳೆಯದನ್ನು ಎಬ್ಬಿಸದೆ ಹೊಸ ಬಿಲ್ಲೆಯನ್ನು ಕೂರಿಸುವ ಹಾಗಿಲ್ಲ.

ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪ್ರಯತ್ನವಾಗಿ ತರಕಾರಿ ಹೆಚ್ಚುವ ಚಾಕುವಿನಿಂದ ಮೀಟಿದೆ. ಪಿಂಗಾಣಿ ಕಿರ್ರೆಂದಿತು, ಅದಕ್ಕಿಂತ ಜೋರಾಗಿ ಜಯ ಕಿರ್ರೆಂದಳು. "ರೀ! ಗೀರು ಬೀಳತ್ತೆ! ನಿಮ್ಮ ತಮ್ಮ ಕೊಟ್ಟಿದ್ದಾಗಿದ್ರೆ ಹೀಗೆ ಕೆರೀತಿದ್ರಾ?" ನನ್ನ ತಮ್ಮ ಇದುವರೆಗೆ ಏನನ್ನೂ ಕೊಟ್ಟಿಲ್ಲವಾದ್ದರಿಂದ ಈ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಯಿತು. ಎರಡನೆಯ ಸಲ ಪೂರ್ತಿ ಕರಗಿಸಿ, ಬಟ್ಟಲು ಹಿಡಿದುಕೊಂಡು ಬಚ್ಚಲಿನ ಮೋರಿಗೆ ಸುರಿಯಲು ಹೊರಟೆ. ಸುಡುವ ಬಟ್ಟಲನ್ನು ಬರಿಗೈಯಲ್ಲಿ ಹಿಡಿಯಬಾರದೆಂಬುದು ಹಿಡಿದ ಮೇಲೆ ತಿಳಿಯಿತು. ಬೆರಳು ಬಾಯಿಗೆ ಹೋಯಿತು, ಬಟ್ಟಲು ಪುಣ್ಯಕ್ಕೆ ಬಚ್ಚಲ ಕಟ್ಟೆಯ ಮೇಲೆ ಕೂತಿತು. ಅಷ್ಟರಲ್ಲಿ ಅಮ್ಮ ಓಡಿಬಂದು, "ಮೋರಿಗೆ ಹಾಕ್ಬೇಡ್ವೋ! ತಣ್ಣೀರು ತಾಗಿದ ತಕ್ಷಣ ಪೈಪಿನಲ್ಲೇ ಗಟ್ಟಿಯಾಗಿ ಕೂತ್ಕೊಳ್ಳತ್ತೆ. ಆಮೇಲೆ ಸಾಠೆಯವರ ಮನೆ ಬಚ್ಚಲು ಉಕ್ಕಿದರೆ ಉತ್ತರ ಹೇಳೋರು ಯಾರು?" ಎಂದಳು. ನಮ್ಮ ಕೆಳಗಿನ ಮನೆಯ ಸಾಠೆಯವರು ಸೊಸೈಟಿಯ ಸೆಕ್ರೆಟರಿ. ಅವರ ಬಚ್ಚಲು ಉಕ್ಕುವುದೂ ಒಂದೇ, ಸಮುದ್ರ ಉಕ್ಕುವುದೂ ಒಂದೇ. ನಾನು ಹಿಂದಕ್ಕೆ ಬಂದೆ.

ಮೂರನೆಯ ಉಪಾಯವನ್ನು ಲೋಕಲಿನ ಗೆಳೆಯರು ಕೊಟ್ಟರು. "ಫ್ರೀಜರ್‌ನಲ್ಲಿಡಿ ರಾವ್‌ಸಾಬ್, ಮೇಣ ಕುಗ್ಗುತ್ತೆ, ಟಪ್ ಅಂತ ಹೊರಗೆ ಬರುತ್ತೆ." ಮಾತೇನೋ ನಿಜವಿರಬಹುದು. ಆದರೆ ಅವರು ನಮ್ಮ ಫ್ರಿಜ್ಜನ್ನು ನೋಡಿರಲಿಲ್ಲ. ಅದರ ಫ್ರೀಜರಿನೊಳಗೆ ಹಿಮಾಲಯದ ಒಂದು ಶಾಖೆಯೇ ಇದೆ. ರಾತ್ರಿ ಇಟ್ಟ ಬಟ್ಟಲು ಬೆಳಿಗ್ಗೆ ಹಿಮದಲ್ಲಿ ಹುದುಗಿಹೋಗಿ ಅಂಚು ಮಾತ್ರ ಕಾಣುತ್ತಿತ್ತು. ಎಳೆದರೆ ಬರಲಿಲ್ಲ. ಫ್ರಿಜ್ಜನ್ನೇ ಆರಿಸಿ, ಹಾಲು ಮೊಸರನ್ನೆಲ್ಲ ಹೊರಗಿಟ್ಟು, ಅಡುಗೆಮನೆ ತುಂಬ ಹಳೆಯ ಪಂಚೆ ಹಾಸಿ, ಹಿಮ ಕರಗಲು ಕಾದೆವು. ಬಟ್ಟಲು ಬಿಡುಗಡೆಯಾಗುವ ಹೊತ್ತಿಗೆ ಮೇಣವೂ ಸೆಕೆಗೆ ಬೆಚ್ಚಗಾಗಿ ಮತ್ತೆ ಬಟ್ಟಲನ್ನು ತಬ್ಬಿಕೊಂಡಿತ್ತು. ಹಾಲು ಒಡೆದಿತ್ತು.

ಇಷ್ಟಾದ ಮೇಲೆ ನಾನು ಕೈಚೆಲ್ಲಿದೆ. ಒಂದು ಸಂಜೆ ಸುಮ್ಮನೆ, ಹಠಕ್ಕೆಂದು, ಇನ್ನೊಮ್ಮೆ ಕೆಳಗಿನ ದೀಪ ಹಚ್ಚಿದೆ. ಅಷ್ಟರಲ್ಲೇ ಕೆಳಗಿನಿಂದ ಸಾಠೆ ಕಾಕು, ಅಂದರೆ ಸೆಕ್ರೆಟರಿಯವರ ಹೆಂಡತಿ, "ಜಯಾ, ಫೋನ್!" ಎಂದು ಕೂಗಿದರು. ನಮ್ಮ ಬಿಲ್ಡಿಂಗಿನಲ್ಲಿ ಫೋನು ಇದ್ದದ್ದು ಅವರ ಮನೆಯಲ್ಲಿ. ಫೋನೆಂದರೆ ಬೆಂಕಿಬಿದ್ದ ಹಾಗೆ ಓಡುವ ಕಾಲ, ಇಬ್ಬರೂ ಓಡಿದೆವು. ಮಾತಾಡಿದ್ದು ರಂಗನಾಥ. ಹಡಗು ಬಂದಿದೆ, ಭಾನುವಾರ ಸಂಜೆ ನಮ್ಮ ಮನೆಗೆ ಬಂದು, ರಾತ್ರಿಯ ಗಾಡಿಗೆ ಬೆಂಗಳೂರಿಗೆ ಹೋಗುತ್ತಾನಂತೆ. ಜಯ ಮೆಟ್ಟಿಲು ಹತ್ತುತ್ತಲೇ ಹೇಳಿದಳು: "ಅಣ್ಣ ಬಂದಾಗ ಅದು ಜಿಡ್ಡು ಹಿಡಿದ ತುಪ್ಪದ ಗಿಂಡಿ ಥರ ಕೂತಿದ್ರೆ ನಾನು ಅವನಿಗೆ ಮುಖ ಹೇಗೆ ತೋರಿಸ್ಲಿ? ಅವನು ಬಂದ ತಕ್ಷಣ ಮನೆ ಘಮ್ ಅನ್ನಬೇಕು. ಅನ್ನಲಿಲ್ವೋ, ನಾನೂ ಅದೇ ಗಾಡಿಗೆ ಹೊರಟೆ." ಅವಳು ನಗುತ್ತಾ ಹೇಳಲಿಲ್ಲ.

ನಾನು ಭಯದಿಂದ ಒಳಗೆ ಬಂದು ನೋಡಿದರೆ, ಹಾಲಿನಲ್ಲಿ ಯಾರೂ ಇಲ್ಲದೆ ದೀಪ ಉರಿಯಬಾರದೆಂದು ಅಮ್ಮ ಅದನ್ನು ಆರಿಸಿದ್ದಳು. ಅಪ್ಪ ಇದ್ದರು, ಆದರೆ ಪೇಪರಿನ ಹಿಂದೆ ಇರುವವರನ್ನು ಅಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಣ ಕರಗಿರಲಿಲ್ಲ, ಅಂಚು ಮಾತ್ರ ಸ್ವಲ್ಪ ಬೆವರಿತ್ತು. ಬಟ್ಟಲು ಉಗುರುಬೆಚ್ಚಗಿತ್ತು. ಬೇಸರದಿಂದ ಮೇಣವನ್ನು ಒಂದು ಬೆರಳಿನಿಂದ ತಳ್ಳಿದೆ. ಅದು ತಿರುಗಿತು! ಇನ್ನೊಂದು ಬದಿಯಿಂದ ತಳ್ಳಿದೆ. ಗುಂಡಗೆ, ಇಡಿಯಾಗಿ, ಒಂದು ಚೂರೂ ಉಳಿಯದೆ, ಜಾರಿ ನನ್ನ ಅಂಗೈಗೆ ಬಂತು. ಪೂರ್ತಿ ಕರಗಿಸಬಾರದು, ಪೂರ್ತಿ ತಣಿಸಲೂ ಬಾರದು, ಅಂಚು ಬಿಡುವಷ್ಟು ಬೆಚ್ಚಗೆ ಮಾಡಿ, ದೀಪ ಆರಿಸಿ, ಮೆಲ್ಲಗೆ ತಳ್ಳಬೇಕು. ಇಷ್ಟೇ! ನಾನು ಆ ಬಿಲ್ಲೆಯನ್ನು ಎತ್ತಿಹಿಡಿದು ಹಾಲಿನಲ್ಲಿ ಕುಣಿದೆ. ಸುಳ್ಳಲ್ಲ, ನಿಜವಾಗಿಯೂ ಕುಣಿದೆ. ಕೆಳಗಿನಿಂದ ಸಾಠೆಯವರು ಕೋಲಿನಿಂದ ಸೂರು ಕುಟ್ಟಿದರು.

ಈ ಬಿಲ್ಲೆಯನ್ನು ಕಸದ ಬುಟ್ಟಿಗೆ ಹಾಕಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಭಾನುವಾರವೇ ನಮ್ಮ ಮನೆಯಲ್ಲಿ ಚೈತ್ರದ ಅರಿಸಿನ ಕುಂಕುಮ. ಮುಂಬಯಿಗೆ ಬಂದ ಮೇಲೆ ಅಮ್ಮ ಮರಾಠಿಯವರಿಂದ ಕಲಿತ ಪದ್ಧತಿ ಇದು. ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆದು, ಕುಂಕುಮ ಇಟ್ಟು, ಮಾವಿನಕಾಯಿ ಹಾಕಿದ ಕೋಸಂಬರಿ ಮತ್ತು ಮಾವಿನಕಾಯಿಯ ಪಾನಕ ಕೊಡುವುದು. ಇದರಲ್ಲಿ ಅಮ್ಮನ ಹೆಗ್ಗಳಿಕೆಯೆಂದರೆ ಕುಂಕುಮ. ಏಪ್ರಿಲ್ ತಿಂಗಳಿನ ಮುಂಬಯಿ ಬೆವರಿಗೆ ಬರೀ ಕುಂಕುಮದ ಪುಡಿ ಹಣೆಯ ಮೇಲೆ ನಿಲ್ಲುವುದಿಲ್ಲ. ಅಮ್ಮ ಮೊದಲು ಹಣೆಗೆ ಒಂದು ಚಿಟಿಕೆ ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಾಳೆ. ಹುಣ್ಣಿಮೆ ಚಂದ್ರನ ಹಾಗೆ ಗುಂಡಗಿನ ಆ ಕುಂಕುಮ ರಾತ್ರಿ ಮಲಗುವವರೆಗೂ ಕದಲುವುದಿಲ್ಲ. ಸ್ಟಿಕ್ಕರ್ ಅಂಟಿಸಿಕೊಳ್ಳುವ ಹುಡುಗಿಯರೂ ವರ್ಷಕ್ಕೊಂದು ಸಲ ಅಮ್ಮನೆದುರು ಹಣೆಯೊಡ್ಡಿ ಕೂರುತ್ತಿದ್ದರು. ಆದರೆ ಈ ಸಲ ಮೈಸೂರಿನಿಂದ ತಂದಿದ್ದ ಜೇನುಮೇಣ ತಳ ಕಂಡಿತ್ತು. ಅಮ್ಮ ವಾರದಿಂದ ಅದೇ ಚಿಂತೆಯಲ್ಲಿದ್ದಳು. "ಕಾಕು ಮುಂದೆ ನನ್ನ ಮಾನ ಹೋಗತ್ತೆ ಕಣೋ" ಎನ್ನುತ್ತಿದ್ದಳು.

ನನ್ನ ಅಂಗೈಯಲ್ಲಿ ಹಳದಿ ಬಣ್ಣದ, ಸುವಾಸನೆಯ ಮೇಣದ ಬಿಲ್ಲೆ. ಅಮ್ಮನ ಕೈಯಲ್ಲಿ ಖಾಲಿ ಮೇಣದ ಡಬ್ಬಿ. ಬೇರೆ ಯಾರಾದರೂ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿರುತ್ತಿದ್ದರು. ನಾವು ಇಡಲಿಲ್ಲ. ಅಮ್ಮ ಬಿಲ್ಲೆಯನ್ನು ಮೂಸಿದಳು. ಅಳಿದುಳಿದ ಗುಲಾಬಿಯ ವಾಸನೆ ಇನ್ನೂ ಇತ್ತು. ಉಗುರಿನಿಂದ ಗೀರಿದಳು. "ಮೆತ್ತಗಿದೆ. ನಮ್ಮ ಮೇಣಕ್ಕಿಂತ ಮೆತ್ತಗಿದೆ. ಆದ್ರೂ ಒಂದು ಸಲ ನೋಡೋಣ" ಎಂದಳು.

ಭಾನುವಾರ ಬೆಳಿಗ್ಗೆ ನನ್ನ ಸ್ನಾನವಾದ ಮೇಲೆ ಪರೀಕ್ಷೆ ನಡೆಯಿತು. "ಬಾ ಇಲ್ಲಿ, ಹಣೆ ತೋರಿಸು" ಎಂದಳು ಅಮ್ಮ. ನನ್ನ ಹಣೆ ಈಚೆಗೆ ನಡುನೆತ್ತಿಯವರೆಗೂ ಬೆಳೆದಿರುವುದರಿಂದ ಪರೀಕ್ಷೆಗೆ ಜಾಗದ ಕೊರತೆಯಿರಲಿಲ್ಲ. ಮೇಣ ತೀಡಿ, ಕುಂಕುಮ ಒತ್ತಿ, ಫ್ಯಾನಿನ ಕೆಳಗೆ ಕೂರಿಸಿದಳು. ನಾನು ಪೇಪರು ಓದಿದೆ, ಕಾಫಿ ಕುಡಿದೆ, ಒಂದು ಸಣ್ಣ ನಿದ್ದೆಯನ್ನೂ ತೆಗೆದೆ. ಕುಂಕುಮ ಜಪ್ಪಯ್ಯ ಅನ್ನಲಿಲ್ಲ. "ಫಸ್ಟ್ ಕ್ಲಾಸ್" ಎಂದು ನಾನೇ ಸರ್ಟಿಫಿಕೇಟು ಕೊಟ್ಟೆ. ಹಬ್ಬದ ದಿನ ಗಂಡಸರ ಹಣೆಯ ಮೇಲೆ ಕುಂಕುಮವಿರುವುದು ಹೊಸದೇನಲ್ಲವಾದ್ದರಿಂದ ಅದನ್ನು ಹಾಗೇ ಮರೆತೂಬಿಟ್ಟೆ.

ಮಧ್ಯಾಹ್ನ ಹೆಂಗಸರು ಬರತೊಡಗಿದರು. ಗಂಡಸರಿಗೆ ಹಾಲಿನಲ್ಲಿ ಪ್ರವೇಶವಿಲ್ಲ. ಅಪ್ಪ ಪೇಪರು ಸಮೇತ ಕೆಳಗೆ ಸಾಠೆಯವರಲ್ಲಿಗೆ ಹೋದರು. ನಾನು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು ಒಗ್ಗರಣೆ ಹಾಕುತ್ತ, ಪಾನಕದ ಲೋಟ ತುಂಬುತ್ತ, ಪರದೆಯ ಸಂದಿಯಿಂದ ಇಣುಕುತ್ತಿದ್ದೆ. ಜಯ ಬಟ್ಟಲಿಗೆ ಹೊಸ ಬಿಲ್ಲೆ ಹಾಕಿ ದೀಪ ಹಚ್ಚಿದಳು. ಫ್ಯಾನಿನ ಗಾಳಿಗೆ ದೀಪ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಅಣ್ಣ ಯಾವ ಗಳಿಗೆಯಲ್ಲಾದರೂ ಬರಬಹುದು. ಅವಳು ಹೋಗಿ ಫ್ಯಾನನ್ನೇ ಆರಿಸಿದಳು. ಹೊಸ ಬಿಲ್ಲೆ ಕರಗಿ ವಾಸನೆ ಎದ್ದಿತು ನೋಡಿ, ಅದರಲ್ಲಿ ಸಂಕೋಚವೂ ಇಲ್ಲ, ಸಭ್ಯತೆಯೂ ಇಲ್ಲ, ಮನೆಗೆ ಮನೆಯೇ ಗುಲಾಬಿ ತೋಟ! ಸಾಠೆ ಕಾಕು ಮೂಗರಳಿಸಿ, "ಅಗಬಾಯಿ! ಕಿತೀ ಛಾನ್ ವಾಸ!" ಎಂದರು. ಎಷ್ಟು ಚೆಂದದ ವಾಸನೆ ಎಂದು ಸೆಕ್ರೆಟರಿಯ ಮನೆಯಿಂದಲೇ ಮೆಚ್ಚುಗೆ ಬಂದ ಮೇಲೆ ಜಯಳ ಮುಖ ನೋಡಬೇಕಿತ್ತು. ಅಮ್ಮ ಒಬ್ಬೊಬ್ಬರಿಗೂ ಮೇಣ ತೀಡಿ ಚಂದ್ರನನ್ನು ಕೂರಿಸಿದಳು. ಹಣೆಯ ಮೇಲೂ ಗುಲಾಬಿಯ ವಾಸನೆ ಎಂದು ಹುಡುಗಿಯರು ಒಬ್ಬರ ಹಣೆ ಒಬ್ಬರು ಮೂಸಿಕೊಂಡರು. ನಾನು ಪರದೆಯ ಹಿಂದೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬಾಗಿಲು ಕಿಟಕಿ ತೆರೆದಿದ್ದರೂ ಗಾಳಿಯಿಲ್ಲ. ಕೋಣೆ ತುಂಬ ಹೆಂಗಸರು, ರೇಷ್ಮೆ ಸೀರೆ, ಉರಿಯುವ ದೀಪ, ಚೈತ್ರದ ಸೆಕೆ. ಮೊದಲು ಕದಲಿದ್ದು ಎದುರು ಮನೆಯ ಗುಜರಾತಿ ಬೆನ್ ಅವರ ಚಂದ್ರ. ಹಣೆಯಿಂದ ನಿಧಾನವಾಗಿ ಹೊರಟು, ಹುಬ್ಬುಗಳ ನಡುವೆ ಒಂದು ಕ್ಷಣ ನಿಂತು ಯೋಚಿಸಿ, ಮೂಗಿನ ದಾರಿ ಹಿಡಿಯಿತು. ಆಮೇಲೆ ಇನ್ನೊಬ್ಬರದು. ಆಮೇಲೆ ಸಾಲಾಗಿ ಎಲ್ಲರದೂ. ಕುಂಕುಮ ಬೀಳಲಿಲ್ಲ, ಅಳಿಸಲೂ ಇಲ್ಲ. ಮೇಣದ ಮೇಲೆ ಕುಳಿತು, ಕೆಂಪು ಗೆರೆ ಬಿಡುತ್ತ, ಗಂಭೀರವಾಗಿ ಇಳಿಯಿತು. ಇದರಲ್ಲಿ ಅತ್ಯಂತ ಫಜೀತಿಯ ಸಂಗತಿಯೆಂದರೆ, ಅರಿಸಿನ ಕುಂಕುಮದ ದಿನ ಮುತ್ತೈದೆಗೆ 'ನಿನ್ನ ಕುಂಕುಮ ಹೋಗುತ್ತಿದೆ' ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಶುಭ. ಹೀಗಾಗಿ ಪ್ರತಿಯೊಬ್ಬರೂ ಎದುರಿನವರ ಮೂಗನ್ನು ನೋಡುತ್ತ, ತುಟಿ ಕಚ್ಚಿ ನಗು ತಡೆಯುತ್ತ, ತಮ್ಮದು ಮಾತ್ರ ಗಟ್ಟಿಯಾಗಿದೆಯೆಂಬ ನಂಬಿಕೆಯಿಂದ ಕೋಸಂಬರಿ ತಿನ್ನುತ್ತಿದ್ದರು. ಅಮ್ಮನೊಬ್ಬಳೇ ನಗಲಿಲ್ಲ. ತಾನಿಟ್ಟ ಕುಂಕುಮ ತನ್ನ ಕಣ್ಣೆದುರೇ ಜಾರುತ್ತಿದೆ, ಇನ್ನು ಈ ಬಿಲ್ಡಿಂಗಿನಲ್ಲಿ ಯಾರು ತನ್ನ ಮುಂದೆ ಹಣೆಯೊಡ್ಡುತ್ತಾರೆ ಎಂದು ಅವಳ ಕಣ್ಣು ತುಂಬಿದ್ದು ಪರದೆಯ ಸಂದಿಯಿಂದಲೂ ಕಾಣುತ್ತಿತ್ತು. ನನಗೆ ನಗುವೂ ಬಂತು, ಅಮ್ಮನನ್ನು ನೋಡಿ ಪಾಪವೂ ಎನಿಸಿತು.

ಆಗಲೇ ಬಾಗಿಲಲ್ಲಿ ರಂಗನಾಥ ಕಾಣಿಸಿಕೊಂಡ. ಸೂಟ್‌ಕೇಸು ಕೆಳಗಿಟ್ಟ. ಹಣೆಯಿಂದ ಮೂಗಿನ ತುದಿಯವರೆಗೆ ಉದ್ದಕ್ಕೆ ಕೆಂಪು ಗೆರೆ ಎಳೆದುಕೊಂಡು ಕುಳಿತ ಇಷ್ಟೂ ಜನರನ್ನು ಈ ಕಡೆಯಿಂದ ಆ ಕಡೆಯವರೆಗೆ ನೋಡಿದ. "ಇದೇನು ಜಯ, ನಿಮ್ಮ ಬಿಲ್ಡಿಂಗಿಗೆ ಬಿಲ್ಡಿಂಗೇ ಮೇಲುಕೋಟೆಗೆ ಹೋಗಿ ಬಂತಾ?" ಎಂದ. ಕನ್ನಡ ತಿಳಿಯದಿದ್ದರೂ ಅವನ ಬೆರಳು ಹಣೆಯಿಂದ ಮೂಗಿಗೆ ಇಳಿದದ್ದು ಎಲ್ಲರಿಗೂ ತಿಳಿಯಿತು. ಎಲ್ಲರ ಕೈಯೂ ತಂತಮ್ಮ ಮೂಗಿಗೆ ಹೋಯಿತು. ಅಮ್ಮ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಸಾಠೆ ಕಾಕು, ಇದುವರೆಗೆ ಯಾರೂ ನಗುವುದನ್ನು ಕಂಡಿರದ ಸಾಠೆ ಕಾಕು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಕಣ್ಣೊರೆಸಿಕೊಂಡು ಅಮ್ಮನ ಕೈಹಿಡಿದು, "ಕುಂಕೂ ಲಾಂಬ್, ನವರ್ಯಾಚಂ ಆಯುಷ್ಯ ಪಣ್ ಲಾಂಬ್!" ಎಂದರು. ಕುಂಕುಮ ಉದ್ದವಾದರೆ ಗಂಡನ ಆಯುಸ್ಸೂ ಉದ್ದ! ಅದನ್ನು ಕೇಳಿದ್ದೇ ಒಬ್ಬರೂ ಗೆರೆ ಒರೆಸಿಕೊಳ್ಳಲಿಲ್ಲ. ಯಾರದು ಹೆಚ್ಚು ಉದ್ದ ಎಂದು ಅಳೆದುಕೊಳ್ಳುವುದೇ ಒಂದು ಆಟವಾಯಿತು. ಅಮ್ಮನೂ ನಕ್ಕಳು. ನಕ್ಕದ್ದು ನೋಡಿ ನನಗೆ ಜೀವ ಬಂತು.

ಹೆಂಗಸರು ಹೋದ ಮೇಲೆ ನಾನು ಹೊರಗೆ ಬಂದೆ. ಜಯ ಅಣ್ಣನನ್ನು ಶೋಕೇಸಿನ ಮುಂದೆ ನಿಲ್ಲಿಸಿ, "ನೋಡಣ್ಣ, ನೀನು ಕೊಟ್ಟಿದ್ದನ್ನ ಹೇಗೆ ಇಟ್ಕೊಂಡಿದೀವಿ!" ಎಂದಳು. ರಂಗನಾಥ ಬಗ್ಗಿ ಬಟ್ಟಲನ್ನು ನೋಡಿದ. ಹೊಸ ಮೇಣ ನೋಡಿ ಕಣ್ಣರಳಿಸಿದ. "ಭಾವ! ಇದರಲ್ಲಿದ್ದ ಹಳೇ ಮೇಣ ಹೇಗೆ ತೆಗೆದ್ರಿ? ನಮ್ಮನೆಯವಳು ಚಾಕು ಹಾಕಿದ್ಲು, ಬಿಸಿನೀರು ಹಾಕಿದ್ಲು, ಏನು ಮಾಡಿದ್ರೂ ಬರಲಿಲ್ಲ. ಕೊನೆಗೆ 'ಇದನ್ನ ಯಾರಿಗಾದ್ರೂ ದಾಟಿಸಿಬಿಡಿ' ಅಂದ್ಲು…" ಎಂದವನು ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ. ಬೆಂಗಳೂರಿನಿಂದ ಹೊರಟವನ ಕೈಯಲ್ಲಿ ಫಾರಿನ್ ವಸ್ತು ಹೇಗೆ ಬಂತು, ಬಟ್ಟಲು ಮೊದಲೇ ಏಕೆ ತುಂಬಿತ್ತು, ವಾಸನೆಗೆ ಅಷ್ಟು ಸಂಕೋಚವೇಕಿತ್ತು ಎಂಬುದೆಲ್ಲ ನನಗೆ ಒಟ್ಟಿಗೇ ಹೊಳೆಯಿತು. ಜಯ ಚಾವಣಿ ನೋಡುತ್ತಿದ್ದಳು. ನಾನು ಆ ಸಂಜೆ ನಕ್ಕಷ್ಟು ಹುಟ್ಟಿದಾಗಿನಿಂದ ನಕ್ಕಿಲ್ಲ.

ಆಮೇಲೆ ಅವನನ್ನು ಕೂರಿಸಿಕೊಂಡು ಪಾಠ ಹೇಳಿದೆ. ಬೆಚ್ಚಗೆ ಮಾಡುವುದು, ಆರಿಸುವುದು, ತಳ್ಳುವುದು. ಮನೆಯಲ್ಲಿ ಇನ್ನೊಂದು ದೊಡ್ಡದು ಹಾಗೇ ಕೂತಿದೆ ಎಂದು ಹೇಳಿ ಅವನು ವಿಧೇಯನಾಗಿ ಕೇಳಿಸಿಕೊಂಡ. ನಡುನಡುವೆ ಮಾತ್ರ ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸುತ್ತಿದ್ದ. ನಾಚಿಕೆಯಾಗಿರಬೇಕು ಅಂದುಕೊಂಡೆ. ಸ್ಟೇಷನ್ನಿನವರೆಗೂ ಬಿಟ್ಟುಬರಲು ಹೋದೆ. ದಾರಿಯುದ್ದಕ್ಕೂ ಹೆಂಗಸರ ಮೂಗುಗಳನ್ನು ಒಂದೊಂದಾಗಿ ವರ್ಣಿಸಿ, "ತಮ್ಮ ಮುಖ ತಮಗೆ ಕಾಣೋದಿಲ್ಲ ನೋಡಿ!" ಎಂದು ಎದೆ ತಟ್ಟಿ ನಕ್ಕೆ. ಎದುರಿಗೆ ಬಂದವರೆಲ್ಲ ನನ್ನ ಜೊತೆ ನಗುತ್ತಿದ್ದರು. ಇಡೀ ಘಾಟ್ಕೋಪರ್ ಆ ದಿನ ಸಂತೋಷವಾಗಿರುವಂತೆ ತೋರಿತು. ಲೋಕಲು ಹೊರಟಾಗ ರಂಗನಾಥ ಬಾಗಿಲಿನಿಂದ, "ಭಾವ, ಮನೆಗೆ ಹೋಗಿ ಒಂದು ಸಲ ಕನ್ನಡಿ ನೋಡ್ಕೊಳ್ಳಿ!" ಎಂದು ಕೂಗಿದ.

ಮನೆಗೆ ಬಂದು ನೋಡಿಕೊಂಡೆ. ಬೆಳಿಗ್ಗೆ ಅಮ್ಮ ಪರೀಕ್ಷೆಗೆಂದು ಇಟ್ಟ ಕುಂಕುಮ ಒಲೆಯ ಪಕ್ಕದಲ್ಲೇ ಹೊರಟು, ಮೂಗನ್ನು ದಾಟಿ, ತುಟಿಯನ್ನು ಬಳಸಿಕೊಂಡು, ಗದ್ದದಲ್ಲಿ ತಂಗಿತ್ತು. "ನೀನಾದ್ರೂ ಹೇಳಬಾರದಿತ್ತಾ?" ಎಂದು ಜಯಳ ಮೇಲೆ ರೇಗಿದೆ.

ಅವಳು ಬಟ್ಟಲಿನ ಕೆಳಗಿನ ದೀಪ ಆರಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: "ನಿಮ್ಮ ಆಯುಸ್ಸಲ್ವೇನ್ರೀ? ಅರ್ಧದಲ್ಲಿ ಒರೆಸೋದು ಯಾಕೆ ಅಂತ ಸುಮ್ಮನಾದೆ."